ಹೊಸ್ತಿಲಿನಿಂದ ಇನ್ನೂರು

ಮೊದಲು ಕಿರುಗುಟ್ಟಿತು. ಆಮೇಲೆ
ನೂರಾಮೂವತ್ತೈದರ ಹತ್ತಿರ ಬಂದು ಹಟ ಹಿಡಿದು ನಿಂತಿತು,
ಗಾಣದ ಎತ್ತು ನಿಂತ ಹಾಗೆ.
ಉಂಗುರ ತಿರುಗಿಸಿದರೆ ಒಳಗೆಲ್ಲೋ ರವೆ ಅರೆದ ಸದ್ದು.
ಎಂಟು ವರ್ಷ ದುಡಿದ ಲೆನ್ಸು, ಐವತ್ತೈದು–ಇನ್ನೂರು.
ಫ್ಲೆಕ್ಸ್ ಅಂಗಡಿಯ ಸಾಲದ ಮೊದಲ ಕಂತಿಗೂ ಮುಂಚೆ ಕೊಂಡದ್ದು.

ಹೊಸದು ಬೇಕು. ಯಾವುದು?

ರೇವಣಾರಾಧ್ಯರು ಮದುವೆ ಫೋಟೋದಲ್ಲಿ ಪಳಗಿದವರು. ಅಂದರು:
"ಜೂಮ್ ಯಾಕಮ್ಮ ಜಯಶೀಲ? ಐವತ್ತರದ್ದೊಂದು ಪ್ರೈಮ್ ತಗೊ.
ಕಾಲೇ ಜೂಮು. ನಾಕು ಹೆಜ್ಜೆ ಮುಂದೆ ಹೋದ್ರಾಯ್ತು."

ನಾಕು ಹೆಜ್ಜೆ.
ಮೂರು ಮೆಟ್ಟಿಲ ಗರಡಿಯ ಬಾಗಿಲು ಸೊಂಟ ಬಗ್ಗಿಸುವಷ್ಟು ಗಿಡ್ಡ.
ಬಗ್ಗುವುದಕ್ಕೆ ನನ್ನ ತಕರಾರಿಲ್ಲ. ಆದರೆ ಹೊಸ್ತಿಲಿನಾಚೆ
ಹೆಂಗಸರು ಕಾಲಿಡುವುದಿಲ್ಲ. ಯಾರೂ ಬೋರ್ಡು ಬರೆಸಿಲ್ಲ;
ಬರೆಸಿದ್ದರೆ ಅದನ್ನೂ ನಾನೇ ಪ್ರಿಂಟು ಹಾಕಿ ಕೊಡುತ್ತಿದ್ದೆ,
ಚದರಡಿಗೆ ಇಷ್ಟು ಅಂತ.

ದಸರೆ ಹತ್ತಿರ ಬಂದಾಗ ಜೋಡಿ ಕಟ್ಟುತ್ತಾರೆ,
ಕುಸ್ತಿಯ ಪೋಸ್ಟರಿಗೆ ನನ್ನನ್ನೇ ಹುಡುಕಿಕೊಂಡು ಬರುತ್ತಾರೆ.
ಉಸ್ತಾದ್ ಕೆಂಪಮರಿಯವರು ಒಳಗಿಂದಲೇ ಕೂಗುತ್ತಾರೆ,
"ಅಲ್ಲೇ ನಿಂತ್ಕೊ ಮಗ, ಅಲ್ಲಿಂದ ಚೆನ್ನಾಗಿ ಕಾಣ್ತದೆ."
ಕಾಣುತ್ತದೆ.
ಎಪ್ಪತ್ತಕ್ಕೆ ಮಟ್ಟಿ, ಗೋಡೆಗೊರಗಿದ ಗದೆಗಳು,
ನೂರಕ್ಕೆ ಚೆಲುವನ ಬೆನ್ನು, ಬೆವರಲ್ಲಿ ಕಲೆಸಿದ ಕೆಮ್ಮಣ್ಣು,
ಇನ್ನೂರಕ್ಕೆ ಅವನ ಕಿವಿ.
ಆ ದೂರವನ್ನು ನಾನು ಅಡಿಯಲ್ಲಿ ಅಳೆದವಳಲ್ಲ.
ಉಂಗುರದ ಮೇಲಿನ ಅಂಕಿಯಲ್ಲಿ ಬಾಯಿಪಾಠ.

ಶಿವರಾಂಪೇಟೆ. ಅಕ್ಮಲ್ ಸಾಹೇಬರು ಗಾಜಿನ ಮೇಲೆ ಎರಡು ಇಟ್ಟರು.
ಒಂದು ಎಪ್ಪತ್ತು–ಮುನ್ನೂರು. ಹೊಸದು, ಹಗುರ, ಹನ್ನೆರಡು ಸಾವಿರ.
ಮುನ್ನೂರು ಮುಟ್ಟುವಷ್ಟರಲ್ಲಿ ಅದರ ಕಣ್ಣು
ಮುದ್ದೆ ಉಂಡವರ ಕಣ್ಣಿನ ಹಾಗೆ ಅರೆ ಮುಚ್ಚುತ್ತದೆ.
ಇನ್ನೊಂದು ಎಪ್ಪತ್ತು–ಇನ್ನೂರು, ಎರಡು ಪಾಯಿಂಟ್ ಎಂಟು.
ಹುಣಸೂರಿನ ಯಾರೋ ಮಾರಿಹೋದದ್ದು. ಕತ್ತಿನ ಬಳಿ ಬಣ್ಣ ಎದ್ದಿದೆ,
ಒಳಗಾಜಿನಲ್ಲಿ ಸಾಸಿವೆಯಷ್ಟು ಮಚ್ಚೆ, ಒಂದೂವರೆ ಕೇಜಿ ತೂಕ.
ಐವತ್ತೆರಡು ಸಾವಿರ ಅನ್ನುವಾಗ ದನಿ ತಗ್ಗಿಸಿದರು,
ಸಾವಿನ ಮನೆಯಲ್ಲಿ ಮಾತಾಡುವಂತೆ.

"ಟ್ಯೂಬ್‌ಲೈಟ್ ಆರಿಸಿ," ಅಂದೆ.
"ಯಾಕ್ರೀ?"
"ಗರಡೀಲಿ ಇರೋದು ಒಂದೇ ಗವಾಕ್ಷಿ. ಬೆಳಗ್ಗೆ ಆರು ಗಂಟೆ."

ಸಾಹೇಬರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ
ಷಟರು ಅರ್ಧ ಎಳೆದು, ದೀಪ ಆರಿಸಿ,
ಟ್ರೈಪಾಡುಗಳ ಮೂಲೆಗೆ ಹೋಗಿ ನಿಂತರು.
ಮೊದಲಿನದರಲ್ಲಿ ಕಂಡದ್ದು ಹೊಗೆ.
ಎರಡನೆಯದು ಬೆಣ್ಣೆಯ ಹಾಗೆ ತಿರುಗಿತು,
ಎಪ್ಪತ್ತು, ನೂರು, ನೂರಾಮೂವತ್ತೈದು (ತಡೆಯಲೇ ಇಲ್ಲ),
ಇನ್ನೂರಕ್ಕೆ ಅವರ ಬಿಳಿ ಟೋಪಿ, ಅದರ ಕೆಳಗೆ ಕಿವಿ,
ಒಣಗಿದ ಅಂಜೂರದಂತೆ ಮುದುಡಿದ್ದು.
ಹತ್ತು ವರ್ಷದಿಂದ ಬ್ಯಾಟರಿ, ಕಾರ್ಡು ಕೊಳ್ಳುತ್ತ ಬಂದಿದ್ದೇನೆ
ಎರಡಡಿ ದೂರದಲ್ಲಿ ನಿಂತು.
ಈ ಕಿವಿ ನೋಡಿರಲಿಲ್ಲ.

ಕೇಳಲಿಲ್ಲ. ಅವರೂ ಹೇಳಲಿಲ್ಲ.
ಕತ್ತಲಲ್ಲಿ ಒಮ್ಮೆ ತೊಡೆ ತಟ್ಟಿದ ಸದ್ದು ಬಂತು, ಅಷ್ಟೆ.
ಆಮೇಲೆ "ಮಂಡಿ ನೋವು" ಅಂತ ಸ್ಟೂಲು ಎಳೆದುಕೊಂಡು ಕೂತರು.

ಮೂರು ಕಂತು. ಹಳೆಯದಕ್ಕೆ ಏನೂ ಬರುವುದಿಲ್ಲ,
ಬಿಚ್ಚಿ ನೋಡೋಣ ಅಂತ ಸಣ್ಣ ಸ್ಕ್ರೂಡ್ರೈವರ್ ತೆಗೆದರು.
ನಾಲ್ಕನೇ ತಿರುಪು ಸಡಿಲಿದಾಗ ಬಿಳಿ ಕಾಗದದ ಮೇಲೆ
ಕೆಂಪಗೆ ಉದುರಿತು, ಒಂದು ಚಿಟಿಕೆಗಿಂತ ತುಸು ಹೆಚ್ಚು.
ಎಂಟು ವರ್ಷದಿಂದ, ಹೊಸ್ತಿಲು ದಾಟಿ,
ಅದಾಗಿಯೇ ನನ್ನ ಕಡೆ ಬಂದ ಮಟ್ಟಿ.
ಗಾಳಿ ಊದುವ ರಬ್ಬರ್ ಬುರುಡೆ ಪಕ್ಕದಲ್ಲೇ ಇತ್ತು. ಮುಟ್ಟಲಿಲ್ಲ.
ಬೆರಳ ತುದಿಗೆ ಹಚ್ಚಿ ಮೂಸಿ
ಔಷಧದ ಪುಡಿ ಕಟ್ಟುವ ಹಾಗೆ ಕಾಗದ ಮಡಿಸಿದರು.
"ಚೆಲ್ಲಬೇಡಿ."
ಬಿಲ್ಲಿನಲ್ಲಿ ಬರೆಯಲಿಲ್ಲ.

ಹಳೆಯ ಮುಚ್ಚಳ ಹೊಸದಕ್ಕೆ ಕೂರುವುದಿಲ್ಲ, ಫಿಲ್ಟರೂ ಅಷ್ಟೆ.
ಪಟ್ಟಿ ಈಗಲೇ ಕುತ್ತಿಗೆ ಕೊಯ್ಯುತ್ತಿದೆ.
ಬ್ಯಾಗಿನ ಮೂಲೆಯಲ್ಲಿ ಎರಡು ಪೊಟ್ಟಣ.
ತೇವ ಹೀರುವ ಸಿಲಿಕಾ ಯಾವುದು ಅಂತ ಬಿಚ್ಚಿ ನೋಡಬೇಕಿಲ್ಲ,
ಇನ್ನೊಂದಕ್ಕೆ ಬೇವಿನೆಣ್ಣೆಯ ವಾಸನೆ.